ಮೂರು ತುಳಿತದ ಬ್ರೇಕು

ಮಳೆಗಾಲ ಮುಗಿದ ಮೇಲಿನ ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ ಗೋಕಾಕದಿಂದ ಹೊರಟೆವು. ನಾವೆಂದರೆ ದನದ ದವಾಖಾನೆಯ ಕಂಪೌಂಡರನಾದ ನಾನು, ಜೀಪಿನ ಡ್ರೈವರ್ ಬಾಳಪ್ಪ, ಮತ್ತು ಕಂಬಳಿ ಸುತ್ತಿಕೊಂಡು ನನ್ನ ತೊಡೆಯ ಮೇಲೆ ಕುಳಿತಿದ್ದ ಒಂದು ಥರ್ಮಾಸ್ ಫ್ಲಾಸ್ಕು. ಅದರೊಳಗೆ ಬರ್ಫ, ಬರ್ಫದ ನಡುವೆ ದನಗಳನ್ನು ಕೊಲ್ಲುವ ದೊಡ್ಡರೋಗದ ಲಸಿಕೆಯ ಗಾಜಿನ ಕುಪ್ಪಿಗಳು. ಅರ್ಧ ಮೂಡಲಗಿಗೆ, ಉಳಿದರ್ಧ ಹುಕ್ಕೇರಿ ಕಡೆಯ ಒಂದು ಹಳ್ಳಿಗೆ. ಆ ಹಳ್ಳಿಯ ಪಕ್ಕದೂರಿನಲ್ಲಿ ಆಗಲೇ ದನಗಳು ಸಾಯತೊಡಗಿದ್ದವು. ಫ್ಲಾಸ್ಕಿನ ಒಳಮೈಯೂ ಗಾಜಿನದೇ. ಅದು ಒಡೆದರೆ ಹೊಸ ಲಸಿಕೆ ಬರಲು ನಾಲ್ಕು ದಿನ ಬೇಕು.

ಜೀಪು ಹಿಂದಿನ ಸಂಜೆಯಷ್ಟೇ ಸರ್ವೀಸಿನಿಂದ ಬಂದಿತ್ತು. ಅದಕ್ಕೆ ಮೊದಲು ಮೂರು ಸಲ ತುಳಿಯದೆ ಅದರ ಬ್ರೇಕು ಹಿಡಿಯುತ್ತಿರಲಿಲ್ಲ. ಮೊದಲ ತುಳಿತಕ್ಕೆ ಪೆಡಲ್ ಮೆತ್ತಗೆ ತಳ ಮುಟ್ಟುತ್ತಿತ್ತು, ಎರಡನೆಯದಕ್ಕೆ ಸ್ವಲ್ಪ ಬಿಗಿಯಾಗುತ್ತಿತ್ತು, ಮೂರನೆಯದಕ್ಕೆ ಗಾಡಿ ನಿಲ್ಲುತ್ತಿತ್ತು. ಬಾಳಪ್ಪನ ಕಾಲು ವರ್ಷಗಟ್ಟಲೆ ಇದಕ್ಕೆ ಒಗ್ಗಿಹೋಗಿತ್ತು. ಈಗ ಮಿಸ್ತ್ರಿ ಪೈಪಿನೊಳಗಿನ ಗಾಳಿ ತೆಗೆದು, ಹೊಸ ಎಣ್ಣೆ ತುಂಬಿ ಕೊಟ್ಟಿದ್ದ. ಪೆಡಲನ್ನು ಒಂದು ಬೆರಳಷ್ಟು ಒತ್ತಿದರೆ ಸಾಕಾಗುತ್ತಿತ್ತು.

ನಾಗನೂರ ಹತ್ತಿರ ಎಮ್ಮೆಗಳು ಅಡ್ಡ ಬಂದವು. ಬಾಳಪ್ಪ ಹಳೆಯ ರೂಢಿಯಂತೆ ತುಳಿದ. ಜೀಪು ಗಕ್ಕನೆ ನಿಂತಿತು, ನನ್ನ ಹಣೆ ಮುಂದಿನ ಗಾಜಿಗೆ ಬಡಿಯಿತು. ಅವಚಿಕೊಂಡಿದ್ದರಿಂದ ಫ್ಲಾಸ್ಕು ಉಳಿಯಿತು.

“ಇದು ನನ್ನ ಗಾಡಿ ಅಲ್ರಿ,” ಎಂದ ಬಾಳಪ್ಪ. “ಕಾಲಿಗೆ ಗುರ್ತ ಸಿಗವಲ್ದು.”

“ರಿಪೇರಿ ಆಗೇತಿ. ಚಲೋನ ಆತಲ್ಲ?”

“ಚಲೋ ಆಗೇತ್ರಿ. ಅದ ತ್ರಾಸು.”

ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನೋಡಿದ. ಆಗಲೂ ಅಷ್ಟೇ. ಮೊದಲು ಎಲ್ಲಿಂದ ತುಳಿಯಲು ಶುರುಮಾಡುತ್ತಿದ್ದನೋ ಈಗ ಅಲ್ಲಿಯೇ ಗಾಡಿ ನಿಂತುಬಿಡುತ್ತಿತ್ತು. ಮೂಡಲಗಿಯ ಚಾವಡಿಗೆ ಇನ್ನೂ ಮೂವತ್ತು ಮಾರು ಇರುವಾಗಲೇ ನಿಂತೆವು. ದನ ಹಿಡಿದುಕೊಂಡು ಕಾದಿದ್ದವರು, ಸಾಹೇಬರಿಗೆ ಮುಂದೆ ಬರಲು ಬಿಗುಮಾನವೆಂದುಕೊಂಡು ತಾವೇ ನಮ್ಮ ಬಳಿಗೆ ನಡೆದು ಬಂದರು. ನಾನು ಅಲ್ಲಿಯೇ ಫ್ಲಾಸ್ಕು ಬಿಚ್ಚಿದೆ. ಸೂಜಿ ಮಾಡುವ ಕೆಲಸ ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಮಿರ್ಚಿ ಭಜಿ, ಚಹಾ ಇಬ್ಬರಿಗೂ ಸೇರಿ ನಾಲ್ಕಾಣೆಯಾಯಿತು. ಭಜಿ ಚೆನ್ನಾಗಿತ್ತು, ಚಹಾ ಬರೀ ಸಕ್ಕರೆ ನೀರು.

ಗೋಕಾಕಕ್ಕೆ ಮರಳಿ, ಬರ್ಫ ತುಂಬಿಸಿಕೊಂಡು ಕೊಣ್ಣೂರಿನ ದಾರಿ ಹಿಡಿದೆವು. ಹೊರಡುವಾಗ ನಾನು ಖಡಾಖಂಡಿತ ಹೇಳಿದೆ: “ಬಾಳಪ್ಪಾ, ಊರು ಮುಟ್ಟೂತನಕ ಬ್ರೇಕ್ ಮುಟ್ಟಬ್ಯಾಡ. ಗೇರಿನ ಮ್ಯಾಲ ಸಾವಕಾಶ ನಡಸು.”

“ಆತ್ರಿ.”

ಮಾತಿಗೆ ತಪ್ಪಲಿಲ್ಲ. ಘಟಪ್ರಭಾ ದಾಟಿ, ಬಿಸಿಲಲ್ಲಿ ಎತ್ತಿನ ಗಾಡಿಗಳ ಹಿಂದೆ ಮೆಲ್ಲಗೆ ಸಾಗಿದೆವು. ಹಳ್ಳಿ ಇನ್ನೊಂದು ಮೈಲಿ ಇರುವಾಗ ಒಂದು ಇಳಿಜಾರು ಬಂತು. ಕಬ್ಬಿನ ಸೋಗೆಯ ಹೊರೆ ಹೊತ್ತ ಮುದುಕಿಯೊಬ್ಬಳು ಬದುವಿನಿಂದ ಒಮ್ಮೆಲೇ ರಸ್ತೆಗೆ ಇಳಿದಳು. ಹೊರೆ ಕಿವಿ ಕಣ್ಣು ಎರಡನ್ನೂ ಮುಚ್ಚಿತ್ತು. ಬಾಳಪ್ಪ ನನ್ನ ಮಾತು ಮರೆತು ಪೆಡಲ್ ಒತ್ತಿದ.

ಒಂದೇ ತುಳಿತ. ಜೀಪು ಅವಳಿಂದ ಒಂದು ಗೇಣು ದೂರದಲ್ಲಿ ನಿಂತಿತು. ನನ್ನ ಕೈಯಿಂದ ಜಾರಿದ ಫ್ಲಾಸ್ಕು ಕಬ್ಬಿಣಕ್ಕೆ ಬಡಿದು ಒಳಗೆ ಪುಡಿಯಾದ ಸದ್ದು ಕೇಳಿಸಿತು.

ಬಾಳಪ್ಪ ಇಂಜಿನ್ ಆರಿಸಿದ. “ಮೊದಲಿನ ಬ್ರೇಕ್ ಇದ್ದಿದ್ರ ಆಯಿ ಮ್ಯಾಲ ಹಾದಹೋಗತಿದ್ವಿರಿ,” ಎಂದ. ಆ ದಿನ ಅವನು ನನ್ನ ಮಾತು ಕೇಳದಿದ್ದುದಕ್ಕೆ ಈಗಲೂ ನನಗೆ ಸಮಾಧಾನವಿದೆ.

ಮುದುಕಿ ಹೊರೆ ಇಳಿಸಿ ಜೀಪು ನೋಡಿದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. “ದನಕ್ಕ ಸೂಜಿ ಮಾಡವರು ನೀವ ಏನ್ರಿ? ನಿಮಗಂತ ಲಗು ಲಗು ಹೊಂಟಿದ್ನಿ. ಇರೂದು ಒಂದ ಎಮ್ಮಿ.”

ಕಂಬಳಿಯಿಂದ ತಣ್ಣನೆಯ ನೀರು ನನ್ನ ಕಾಲ ಮೇಲೆ ಸುರಿಯುತ್ತಿತ್ತು. “ಔಷಧ ಒಡದೈತಿ ಆಯಿ. ನಾಕ ದಿನಕ್ಕ ಬರತೇವಿ,” ಎಂದೆ. ಯಾಕೆ ಒಡೆಯಿತೆಂದು ಹೇಳಲಿಲ್ಲ.

ಹೇಳಿದಂತೆ ಭಾನುವಾರ ಹೊಸ ಕುಪ್ಪಿಗಳೊಂದಿಗೆ ಮತ್ತೆ ಹೋದೆವು. ಬಾಳಪ್ಪನ ಕಾಲಿಗೆ ಅಷ್ಟರಲ್ಲಿ ಪೆಡಲಿನ ಗುರುತು ಸಿಕ್ಕಿತ್ತು. ಊರಿನ ದನಗಳಿಗೆಲ್ಲ ಸೂಜಿ ಮಾಡಿದೆ. ಮುದುಕಿಯ ಎಮ್ಮೆ ಮಾತ್ರ ಹಿಂದಿನ ದಿನದಿಂದ ಮೇವು ಬಿಟ್ಟಿತ್ತು, ಕಣ್ಣಲ್ಲಿ ನೀರು ಸೋರುತ್ತಿತ್ತು. ರೋಗ ತಗುಲಿದ ಮೇಲೆ ಸೂಜಿಯಿಂದ ಪ್ರಯೋಜನವಿಲ್ಲ. ಬುಧವಾರವೇ ಮಾಡಿದ್ದರೂ ಉಳಿಯುತ್ತಿತ್ತೆಂದು ಖಾತ್ರಿಯಾಗಿ ಹೇಳಲಾರೆ, ಉಳಿಯುತ್ತಿರಲಿಲ್ಲವೆಂದೂ ಹೇಳಲಾರೆ.

ನಾನು ಸೂಜಿ ಕೈಗೆತ್ತಿಕೊಳ್ಳದೆ ನಿಂತದ್ದನ್ನು ಅವಳು ನೋಡಿದಳು. ಒಳಗೆ ಹೋಗಿ ಎರಡು ತಂಬಿಗೆ ಮಜ್ಜಿಗೆ ತಂದಳು.

“ಮೊನ್ನಿ ಹಾಲಿಂದ್ರಿ, ಸ್ವಲ್ಪ ಹುಳಿ ಆಗೇತಿ,” ಎಂದಳು. “ಇನ್ನ ಮಾಡಾಕ ಹಾಲ ಇಲ್ಲ. ಕುಡೀರಿ.”

ಬಾಳಪ್ಪ ತಂಬಿಗೆ ಹಿಡಿದು ನನ್ನ ಮುಖ ನೋಡಿದ. ಇಬ್ಬರೂ ಕುಡಿದೆವು.