ಎಡಬಾಗಿಲಿನ ಭರಣಿ

ಅಮ್ಮಾವ್ರೇ, ನಿಮ್ಮ ಕೆಂಪು ಕಾರಿನ ಸದ್ದಿಗೆ ಕಾರಣ ನಾನೇ. ನಿಮ್ಮ ಯಜಮಾನರು ಏಳು ತಿಂಗಳು ಹುಡುಕಿ ಹುಡುಕಿ ಸೋತ ಆ ಗಟಗಟ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲವೆಂದೆ. ನಿಂತ ಸದ್ದನ್ನು ಮತ್ತೆ ನಾನೇ ಬರಿಸಿದೆ — ಒಂದು ಸಲವಲ್ಲ, ಆರೇಳು ಸಲ. ಇದನ್ನು ಬಾಯಲ್ಲಿ ಹೇಳೋಣವೆಂದು ಯಳಂದೂರಿನ ನಿಮ್ಮ ಮನೆಯ ಜಗುಲಿಯವರೆಗೆ ಬಂದು, ನೀರು ಕುಡಿದು, ಸುಮ್ಮನೆ ಹಿಂದಿರುಗಿದ್ದೇನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕೊಳ್ಳೇಗಾಲ ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನನಗೆ ಇಪ್ಪತ್ತೆರಡು. ಅಲ್ಲಿಯ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಲಾರಿ, ಜೀಪು, ಅಕ್ಕಿ ಮಿಲ್ಲಿನ ಇಂಜಿನ್ನು — ಬಂದದ್ದನ್ನೆಲ್ಲ ರಿಪೇರಿ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಯಜಮಾನರು ಆ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಮದರಾಸಿನಿಂದ ತರಿಸಿದ ಹೊಚ್ಚಹೊಸ ಸ್ಪೋರ್ಟ್ಸ್ ಕಾರು! ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಮೂತಿ ಮಾತ್ರ ಮಾರುದ್ದ. ನಾನು ಕೈಯ ಗ್ರೀಸನ್ನು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಾ ನಿಂತುಬಿಟ್ಟೆ. ಅಷ್ಟು ಚೆಂದದ ಯಂತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಲೇ ರಾಚಪ್ಪ, ಒಸಾ ಗಾಡಿ ಕಣ್ಲಾ, ಒಳಗ ಏನೋ ಗಟಗಟ ಅಂತದ. ನಾನು ಬತ್ತಾ ಇದ್ರ ಆರನ್ ಒಡೆಯೋದೇ ಬ್ಯಾಡ ಅಂತ ಊರೋರು ನಗ್ತಾರ. ನಿನ್ನ ಕಿವಿ ಮ್ಯಾಲ ನಂಬ್ಕ ಮಡಗಿ ಬಿಟ್ಟೋಯ್ತಿನಿ" ಎಂದರು.

ಆ ನಂಬಿಕೆಗೆ ಮೊದಲ ದಿನ ನಾನು ತಕ್ಕವನಾಗಿಯೇ ಇದ್ದೆ. ನಂಬರ್ ಪ್ಲೇಟಿನ ಒಂದು ಬೋಲ್ಟು ಸಡಿಲ — ಬಿಗಿ ಮಾಡಿದೆ. ಡಿಕ್ಕಿಯಲ್ಲಿ ಜಾಕಿ ಕುಣಿಯುತ್ತಿತ್ತು — ಗೋಣಿತಾಟು ಸುತ್ತಿ ಕೂರಿಸಿದೆ. ಮುಂದಿನ ಗಾಜಿನ ಚೌಕಟ್ಟಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಪಟ್ಟಿ ಕೊಟ್ಟೆ. ಮೂರು ಸದ್ದು ಹೋದವು, ಒಂದು ಉಳಿಯಿತು. ಅದನ್ನು ಹಿಡಿಯಲು ಗಾಡಿಯನ್ನು ಓಡಿಸಲೇಬೇಕು, ಇಲ್ಲದಿದ್ದರೆ ಸಿಗುವುದಿಲ್ಲ. ಟ್ರಯಲ್ ನೋಡುತ್ತೇನೆಂದು ಹೊರಟೆ.

ಅಮ್ಮಾವ್ರೇ, ಹೇಗೆ ಹೇಳಲಿ! ಕಾಮಗೆರೆ ದಾಟಿ ಹನೂರಿನ ದಾರಿಗೆ ಬಿದ್ದು ಗೇರು ಬದಲಿಸಿದ್ದೇ ತಡ, ಕಾರು ಕಟ್ಟು ಬಿಚ್ಚಿದ ಹೋರಿಯ ಹಾಗೆ ನೆಗೆಯಿತು. ಎರಡೂ ಕಡೆಯ ಹುಣಸೆಮರಗಳು ಸರಸರನೆ ಹಿಂದೆ ಹೋದವು. ಶಾಗ್ಯದ ಕಡೆಯಿಂದ ಬರುತ್ತಿದ್ದ ಗಾಡಿಯವರು ಎತ್ತಿನ ಹಗ್ಗ ಬಿಗಿಹಿಡಿದು ಬಾಯಿ ತೆರೆದುಕೊಂಡು ನೋಡಿದರು. ಗಾಳಿ ಬಾಯಿಗೂ ಕಣ್ಣಿಗೂ ನುಗ್ಗಿ ನೀರು ಬರಿಸುತ್ತಿತ್ತು, ನಾನು ಒಬ್ಬನೇ ಗಟ್ಟಿಯಾಗಿ ನಗುತ್ತಿದ್ದೆ. ಲಾರಿಯ ಅಡಿಯಲ್ಲಿ ಬೆನ್ನಿನ ಮೇಲೆ ಮಲಗಿಯೇ ವಯಸ್ಸು ಕಳೆಯುತ್ತಿದ್ದವನು ನಾನು — ಆ ಒಂದು ಗಂಟೆ ರಾಜನಾಗಿದ್ದೆ. ಇವತ್ತು ಬರೆಯುವಾಗಲೂ ಎದೆ ಹೊಡೆದುಕೊಳ್ಳುತ್ತಿದೆ, ನಾಚಿಕೆಯಿಲ್ಲದ ಎದೆ.

ಹನೂರಿನಾಚೆ ಒಂದು ಮೋರಿಯ ಮೇಲೆ ಕಾರು ಎಗರಿದಾಗ ಸದ್ದು ಸಿಕ್ಕಿತು. ಎಡಬಾಗಿಲು. ಮರದ ನೆರಳಿನಲ್ಲಿ ನಿಲ್ಲಿಸಿ ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಕಾಗದಪತ್ರ ಇಡಲು ಇದ್ದ ಚೀಲದ ತಳದ ಹೊಲಿಗೆ ಬಿಟ್ಟುಹೋಗಿತ್ತು. ಅದರ ಕೆಳಗೆ, ತಗಡಿನ ಪೊಳ್ಳಿನಲ್ಲಿ, ಒಂದು ಪುಟ್ಟ ಹಿತ್ತಾಳೆ ಭರಣಿ. ಮುಚ್ಚಳ ತಿರುವಿದರೆ ಒಳಗೆ ವಿಭೂತಿ. ಮನೆಯವರು ಯಾರೋ ಕಾರಿಗೆ ರಕ್ಷೆಯಾಗಿರಲೆಂದು ಚೀಲದಲ್ಲಿ ಇಟ್ಟದ್ದು ಜಾರಿ ಒಳಗೆ ಬಿದ್ದಿತ್ತು, ಅಷ್ಟೇ. ನನಗೆ ನಗು ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕತೆಯೇ ಆಯಿತಲ್ಲ ಎಂದುಕೊಂಡು ಭರಣಿಯನ್ನು ಜೇಬಿಗೆ ಹಾಕಿದೆ. ಹಿಂದಿರುಗುವಾಗ ಕಾರು ಒಂದು ಚೂರೂ ಸದ್ದಿಲ್ಲದೆ ಓಡಿತು.

ಶೆಡ್ಡು ಹತ್ತಿರವಾದಂತೆ ವೇಗ ತಗ್ಗಿಸುತ್ತಾ ಬಂದೆ. ಸದ್ದು ಹೋಯಿತೆಂದರೆ ಕಾರೂ ಹೋಯಿತು. ಇನ್ನು ನಾನ್ಯಾರು, ಆ ಕಾರು ಯಾರದು? — ಶೆಡ್ಡಿಗೆ ಬಂದವನು ಒಂದು ಹಳೇ ಬನೀನಿನ ಚಿಂದಿಯನ್ನು ಭರಣಿಗೆ ಸುತ್ತಿ ಅದೇ ಪೊಳ್ಳಿನಲ್ಲಿ ಇಟ್ಟೆ. ಬಿಗಿಯಾಗಿ ಸುತ್ತಲಿಲ್ಲ. ನಾಲ್ಕೈದು ದಿನದಲ್ಲಿ ಬಿಚ್ಚಿಕೊಳ್ಳಲಿ ಎಂದೇ ಸುತ್ತಿದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಐದನೆಯ ದಿನ ಯಜಮಾನರು ಬಂದರು. "ತಿರ್ಗಾ ಸುರುವಾಯ್ತು ಕಣ್ಲಾ" ಎಂದು ಬೀಗದ ಕೈ ಕೊಟ್ಟರು. ನಾನು ಮತ್ತೆ ಹನೂರಿನ ದಾರಿ ಹಿಡಿದೆ, ಈ ಸಲ ಅಜ್ಜೀಪುರದವರೆಗೆ.

ಅಜ್ಜೀಪುರ ನಿಮ್ಮ ತವರೆಂದು ನನಗೆ ಗೊತ್ತಿರಲಿಲ್ಲ. ಕಾರನ್ನು ಕಂಡು ಒಬ್ಬ ಮುದುಕರು ಜಗುಲಿಯಿಂದ ಎದ್ದು, ಪಂಚೆ ಸರಿಮಾಡಿಕೊಂಡು ಬೀದಿಗೇ ಬಂದರು. ಎಡಗಡೆಯ ಸೀಟು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನಮ್ಮ ಪುಟ್ಟಮ್ಮಣ್ಣಿ ಬಂದ್ಳು ಅನ್ಕಂಡಿ ಕಣಪ್ಪ. ಅಳಿಯಂದ್ರು ಯೋಳಿದ್ರು, ಸದ್ದು ಓಗ್ಲಿ, ಕಾರಲ್ಲೇ ಕರ್ಕಂಡ್ ಬತ್ತೀನಿ ಅಂತ. ಬ್ಯಾಗ ಮಾಡ್ಕೊಡಪ್ಪ" ಎಂದರು ನಿಮ್ಮ ತಂದೆ. ಹೆಗಲ ಮೇಲಿನ ಟವೆಲು ತೆಗೆದು ಆ ಖಾಲಿ ಸೀಟಿನ ಧೂಳನ್ನು ತಾವೇ ಒರೆಸಿದರು.

ಅಂದೇ ನಾನು ನಿಲ್ಲಿಸಬೇಕಾಗಿತ್ತು. ನಿಮ್ಮನ್ನು ಯಾಕಿನ್ನೂ ಕಾರಿನಲ್ಲಿ ಕರೆದೊಯ್ದಿಲ್ಲವೆಂದು ಯಜಮಾನರನ್ನು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು — ಸೂರಿಲ್ಲದ ಕಾರಿನಲ್ಲಿ ಸೊಸೆ ಕೂರುವುದಕ್ಕೆ ನಿಮ್ಮ ಅತ್ತೆ ದೊಡ್ಡಮ್ಮಾವ್ರು ಒಪ್ಪಿದ್ದೇ ಹೆಚ್ಚು. ಅದೂ ಡಬ್ಬದ ಹಾಗೆ ಸದ್ದು ಮಾಡಿಕೊಂಡು ಹೋದರೆ ದಾರಿಯುದ್ದಕ್ಕೂ ಜನ ನಿಮ್ಮನ್ನು ನೋಡಿ ನಗುತ್ತಾರೆ. "ಒಂದು ಸೋಮವಾರದಿಂದ ಇನ್ನೊಂದು ಸೋಮವಾರದ ಗಂಟ ಗಾಡಿ ಸುಮ್ಗಿರ್ಬೇಕು. ಆಮ್ಯಾಕ ಅವಳ್ನ ಕೂರುಸ್ಕಂಡು ಅಜ್ಜೀಪುರಕ್ಕೆ ಓಯ್ತೀನಿ. ಮಾತು ಕೊಟ್ಟಿವ್ನಿ ಕಣ್ಲಾ." ಎಂಟು ದಿನ ಬೇಕು ಅವರಿಗೆ. ನನ್ನ ಚಿಂದಿ ಐದು ದಿನಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಲೆಕ್ಕ ಗೊತ್ತಿದ್ದೂ ನಾನು ಹಾಗೆಯೇ ಸುತ್ತಿದೆ.

ಒಂದು ಸಲ ಮಾತ್ರ ಮನಸ್ಸು ಗಟ್ಟಿ ಮಾಡಿದೆ. ಭರಣಿಯನ್ನು ಜೇಬಿನಲ್ಲಿಟ್ಟುಕೊಂಡು, ಸದ್ದಿಲ್ಲದ ಕಾರನ್ನು ನಾನೇ ಓಡಿಸಿಕೊಂಡು ಯಳಂದೂರಿಗೆ ಬಂದೆ, ಎಲ್ಲ ಹೇಳಿಬಿಡೋಣವೆಂದು. ಯಜಮಾನರು ಗದ್ದೆಗೆ ಹೋಗಿದ್ದರು. ನೀವು ಬಾಗಿಲಿಗೆ ಬಂದಿರಿ. ಕೊಳ್ಳೇಗಾಲದ ರೇಷ್ಮೆ ಸೀರೆ ಉಟ್ಟಿದ್ದಿರಿ, ಕೂದಲು ಗಾಳಿಗೆ ಹಾರದಿರಲೆಂದು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಿರಿ — ಮನೆಯೊಳಗೇ, ಕನ್ನಡಿಯ ಮುಂದೆ ಕಟ್ಟಿ ನೋಡುತ್ತಿದ್ದಿರೇನೋ, ಬಿಚ್ಚುವುದನ್ನು ಮರೆತು ಹಾಗೇ ಓಡಿಬಂದಿದ್ದಿರಿ. ನಗುತ್ತಾ ಕೇಳಿದಿರಿ:

"ಓಯ್ತಾ ರಾಚಪ್ಪ, ಸದ್ದು?"

ಕೈ ಜೇಬಿನಲ್ಲಿತ್ತು. ಭರಣಿ ಕೈಯಲ್ಲಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ನಿಮ್ಮ ಬೆನ್ನಿಗೆ ಹನೂರಿನ ದಾರಿ ಕಂಡಿತು ನನಗೆ, ಇನ್ನೆಂದೂ ನನ್ನದಲ್ಲದ ದಾರಿ —

"ಇಲ್ಲ ಅಮ್ಮಾವ್ರೇ. ಇನ್ನೊಂದ್ಸಲ ತಕಂಡೋಗಿ ನೋಡ್ಬೇಕು" ಎಂದೆ.

ನೀವು ತಲೆಯ ಬಟ್ಟೆಯನ್ನು ಮೆಲ್ಲಗೆ ಬಿಚ್ಚಿ, ಮಡಿಸಿ, ನನಗೆ ಮಜ್ಜಿಗೆ ತರಲು ಒಳಗೆ ಹೋದಿರಿ. ಆ ಮಜ್ಜಿಗೆಯನ್ನೂ ಕುಡಿದೆ ನಾನು. ಕುಡಿದು, ಅದೇ ಕಾರಿನಲ್ಲಿ ಕೊಳ್ಳೇಗಾಲಕ್ಕೆ ಹಿಂದಿರುಗಿ, ಭರಣಿಯನ್ನು ಮತ್ತೆ ಬಾಗಿಲಿನೊಳಗೆ ಇಳಿಸಿದೆ.

ಬೇಸಗೆಗೆ ಮುಂಚೆ ಯಜಮಾನರು ಸೋತರು. ಕೊಯಮತ್ತೂರಿನ ಕಡೆಯವರೊಬ್ಬರು ಕಾರು ಕೊಳ್ಳಲು ಬಂದರು. ಕಾರು ಹೋಗುವುದೇ ಸೈ ಎಂದಮೇಲೆ ಭರಣಿಯನ್ನು ತೆಗೆದಿಟ್ಟುಕೊಂಡೆ. ನಿಮ್ಮ ಮನೆಯ ಮುಂದಿನಿಂದ ಕಾರು ಚಿಟಿಕೆಯಷ್ಟೂ ಸದ್ದಿಲ್ಲದೆ ಹೊರಟಿತು. ಯಜಮಾನರು ನನ್ನ ಭುಜದ ಮೇಲೆ ಕೈಯಿಟ್ಟು, "ನೋಡ್ಲಾ, ಮಾರೋ ದಿಸ ಸುಮ್ಗಾಯ್ತು" ಎಂದು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದೊಡ್ಡಮ್ಮಾವ್ರು ನನ್ನನ್ನು ಪಕ್ಕಕ್ಕೆ ಕರೆದರು. "ಆ ಬಾಗ್ಲು ಚೀಲ್ದಲ್ಲಿ ಮಾದಪ್ಪನ ವಿಭೂತಿ ಭರಣಿ ಮಡಗಿದ್ದೆ ಕಣಪ್ಪ, ಸೊಸೆ ಕೂತ್ಕಳ ಕಡೆ. ಮಗ ಜೋರಾಗಿ ಓಡಿಸ್ತಾನ, ಅವಳ್ಗೆ ಏನೂ ಆಗ್ದೆ ಇರ್ಲಿ ಅಂತ. ಸಿಕ್ತಾ ನಿಂಗ?"

"ಇಲ್ಲ ದೊಡ್ಡಮ್ಮಾವ್ರೇ" ಎಂದೆ. ಒಂದು ಸುಳ್ಳು ಇನ್ನೊಂದನ್ನು ಹೆತ್ತಿತು.

ನಿಮ್ಮ ತಂದೆ ಮುಂದಿನ ಯುಗಾದಿ ಕಾಣಲಿಲ್ಲ. ನೀವು ತವರಿಗೆ ಹೋದದ್ದು ಬಸ್ಸಿನಲ್ಲಿ, ಸಾವಿಗೆ. ಬಸ್ಸು ಕೊಳ್ಳೇಗಾಲದಲ್ಲಿ ನಿಂತಾಗ ಕಿಟಕಿಯಲ್ಲಿ ನಿಮ್ಮನ್ನು ಕಂಡು ನಾನು ಶೆಡ್ಡಿನೊಳಗೆ ಸರಿದೆ. ಈಗ ದೊಡ್ಡಮ್ಮಾವ್ರೂ ಇಲ್ಲ, ಹೋದ ವರ್ಷ ಯಜಮಾನರೂ ಹೋದರು. ತಪ್ಪೊಪ್ಪಿಕೊಳ್ಳಲು ನೀವೊಬ್ಬರೇ ಉಳಿದಿದ್ದೀರಿ. ಈಗ ನನಗೂ ಸ್ವಂತದ್ದೊಂದು ಟ್ಯಾಕ್ಸಿ ಇದೆ. ಅದರಲ್ಲಿ ನಿಮ್ಮನ್ನು ಅಜ್ಜೀಪುರಕ್ಕೆ ಕರೆದೊಯ್ಯಲೇ ಎಂದು ಕೇಳುವ ಮುಖ ನನಗಿಲ್ಲ. ಅಲ್ಲಿ ಜಗುಲಿಯಿಂದ ಎದ್ದು ಬರುವವರು ಯಾರು?

ಆ ಕಾರಿನ ಸುಖವನ್ನು ನಾನು ಸುಳ್ಳೆಂದು ಹೇಳಲಾರೆ. ಅದು ನನ್ನ ಬದುಕಿನ ದೊಡ್ಡ ಸಂತೋಷ, ಮತ್ತು ಅದು ನಿಮ್ಮದಾಗಿತ್ತು. ಭರಣಿಯ ಹೊರಮೈಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ, ಒಳಗಿನ ವಿಭೂತಿ ಹಾಗೇ ಇದೆ. ಬರುವ ಸೋಮವಾರ ಈ ಕಾಗದವನ್ನೂ ಅದನ್ನೂ ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ. ನೀರು ಕುಡಿದು ತಿರುಗಿ ಹೋಗುವುದಿಲ್ಲ, ನೀವು ಓದಿ ಮುಗಿಸುವವರೆಗೆ ಬೀದಿಯಲ್ಲೇ ನಿಂತಿರುತ್ತೇನೆ. ಅಂದು ಬಾಗಿಲಲ್ಲಿ ನಿಂತು ನೀವು ಕೇಳಿದ ಮಾತಿಗೆ ಉತ್ತರ ಇದು.

ಓಗಿತ್ತು ಅಮ್ಮಾವ್ರೇ. ಸದ್ದು ಆವತ್ತೇ ಓಗಿತ್ತು.