ಗೋಡೆಗೆ ಮುಖ ಮಾಡಿ ಕೂತ ವಕೀಲರು

ಹೆಂಗಸರು ಕೇಸು ಹೇಳಲು ಬಂದರೆ ಹಣಮಂತರಾಯ ವಕೀಲರು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದರು. ಸುರಪುರದ ಗಂಡಸರೆಲ್ಲ ಇದಕ್ಕೆ ನಗುತ್ತಿದ್ದರು. ಆರಡಿ ಎತ್ತರದ ಮನುಷ್ಯ, ತಲೆಗೆ ರುಮಾಲು, ಗೋಡೆಯ ಸುಣ್ಣ ನೋಡುತ್ತ "ಹೂಂ, ಹೇಳವಾ" ಎನ್ನುವುದನ್ನು ಮೊದಲ ಸಲ ಕಂಡಾಗ ನಾನೂ ನಕ್ಕಿದ್ದೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ. ಗಂಡಸಿನ ಮುಖ ಕಂಡರೆ ಬಾಯಿ ಕಟ್ಟುವ ನಮ್ಮ ಕಡೆಯ ಹೆಂಗಸರು ಆ ಬೆನ್ನಿಗೆ ಎಲ್ಲವನ್ನೂ ಹೇಳುತ್ತಿದ್ದರು. ಜೊತೆಗೆ ಬಂದ ಗಂಡನನ್ನೋ ಮಾವನನ್ನೋ ವಕೀಲರು ಮೊದಲೇ ಚಹಾ ಕುಡಿಯಲು ಅಟ್ಟಿರುತ್ತಿದ್ದರು. "ಹೊಟ್ಟಿ ಯಾರ್ದೋ ಮಾತೂ ಅವರ್ದೇ" ಎನ್ನುವುದು ಅವರೇ ಕಟ್ಟಿಕೊಂಡ ಗಾದೆ.

ನಾನು ಆಗ ರಂಗಂಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ನಿಜಾಮನ ರಾಜ್ಯ ಹೋಗಿ ನಾಲ್ಕಾರು ವರ್ಷವಾಗಿತ್ತು. ವಕೀಲರು ಕಾಯ್ದೆ ಓದಿದ್ದು ಉರ್ದುವಿನಲ್ಲಿ. ಕನ್ನಡ ಮಾತು ಬಾಯಿತುಂಬ, ಬರವಣಿಗೆ ಮಾತ್ರ ಕೋಳಿ ಕೆದರಿದ ಹಾಗೆ. ಹೆಂಗಸರ ಮಾತು ಬರೆದುಕೊಳ್ಳಲು ನನ್ನನ್ನು ಕರೆಸುತ್ತಿದ್ದರು. ಹೊಸ ಕಾಯ್ದೆಯ ಪುಸ್ತಕ ಇಂಗ್ಲಿಷಿನಲ್ಲಿ ಬಂದಾಗ, ಅರವತ್ತು ದಾಟಿದ ಅವರು ನನ್ನ ಕಡೆಯೇ ಎಬಿಸಿಡಿ ಕಲಿತರು. ತಪ್ಪಿದರೆ ನಾನು ಗದರುತ್ತಿದ್ದೆ. ಶಿಷ್ಯರಾದ್ದರಿಂದ ನನ್ನೆದುರು ಮಾತ್ರ ಗೋಡೆ ನೋಡುವ ನೇಮವಿರಲಿಲ್ಲ.

ಕಕ್ಕೇರಾದ ದ್ಯಾವಮ್ಮನ ಕೇಸು ಬಂದದ್ದು ಆಗಲೇ. ಐದನೆಯ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದವಳು. ಇನ್ನೊಂದು ಬಸಿರಾದರೆ ಜೀವ ಉಳಿಯದು ಎಂದು ಯಾದಗಿರಿಯ ಡಾಕ್ಟರಮ್ಮ ಹೇಳಿದ್ದರು. ಮತ್ತೆ ಬಸಿರು ನಿಂತಾಗ ಅವಳು ಸೂಲಗಿತ್ತಿ ಕೊಟ್ಟ ಔಷಧ ಕುಡಿದು ಬಸಿರು ಇಳಿಸಿಕೊಂಡಳು. ಗಂಡನ ಅಣ್ಣ ಪೊಲೀಸರಿಗೆ ದೂರು ಕೊಟ್ಟ. ಪೊಲೀಸರು ಅವಳನ್ನು ವಿಚಾರಿಸಿದ್ದೂ ಆ ಭಾವನ ಎದುರೇ. ಭಾವನ ಮುಂದೆ ತುಟಿ ಬಿಚ್ಚುವ ರೂಢಿ ನಮ್ಮಲ್ಲಿಲ್ಲ; ಅವಳು ಸೆರಗು ಎಳೆದುಕೊಂಡು ನಿಂತಳು. ಸುಮ್ಮನೆ ನಿಂತದ್ದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡರು. ಅವಳಿಗೂ ಸೂಲಗಿತ್ತಿಗೂ ಜೈಲು ಖಾತ್ರಿ ಎಂದು ಊರೆಲ್ಲ ಆಡಿಕೊಂಡಿತು.

ನನಗೆ ತಡೆಯಲಿಲ್ಲ. ಹೊಲದಲ್ಲಿ ಕಾಲು ಜಾರಿ ಬಿದ್ದೆ ಅಂತ ಹೇಳಿಬಿಡಲಿ ಎಂದೆ. ವಕೀಲರು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

"ಬ್ಯಾಡ್ರಿ ಅಕ್ಕೋರ. ಆಕಿ ಬದುಕಬೇಕಂತ ಕುಡಿದಾಳ, ಅದು ಗುನ್ಹೆ ಅಲ್ಲ. ಇವತ್ತ ಸುಳ್ಳು ಹೇಳಿ ಬಿಡಿಸಿಕೊಂಡ್ರ, ನಾಳಿ ಬರಾಕಿ ಏನ್ ಹೇಳ್ಬೇಕು?"

ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ತಾಯಿಯ ಜೀವ ಉಳಿಸಲು ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಅಪರಾಧವಲ್ಲ ಎನ್ನುವ ಆ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ತಾವೇ ಹುಡುಕಿದ್ದರು.

ಕೋರ್ಟಿನಲ್ಲಿ ಭಾವನನ್ನು ಹೊರಗೆ ಕಳಿಸಬೇಕೆಂದು ಕೇಳಿಕೊಂಡರು. ಬೇರೆ ಸೀಮೆಯಿಂದ ಬಂದ ಮ್ಯಾಜಿಸ್ಟ್ರೇಟರಿಗೆ ನಮ್ಮ ರೂಢಿ ತಿಳಿಯದು. ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಭಾವ ಹೊರಗೆ ಹೋದರೂ ದ್ಯಾವಮ್ಮ ಬಾಯಿ ಬಿಚ್ಚಲಿಲ್ಲ. ಆಗ ವಕೀಲರು ತುಂಬಿದ ಕೋರ್ಟಿನಲ್ಲಿ ಅವಳಿಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ನಿಂತರು. ಯಾರೋ ಕಿಸಕ್ಕನೆ ನಕ್ಕರು.

"ನಾ ಕುಡಿದೀನ್ರಿ," ಎಂದಳು ದ್ಯಾವಮ್ಮ, ಆ ಬೆನ್ನಿಗೆ. "ಐದು ಮಕ್ಕಳು ಅದಾವ್ರಿ. ನಾ ಸತ್ರ ಅವುಕ್ಕ ಯಾರದಾರ? ನನಗೂ ಬದುಕಬೇಕನಸ್ತದ್ರಿ."

ಡಾಕ್ಟರಮ್ಮನೂ ಬಂದು ಸಾಕ್ಷಿ ಹೇಳಿದರು. ದ್ಯಾವಮ್ಮ, ಸೂಲಗಿತ್ತಿ ಇಬ್ಬರಿಗೂ ಬಿಡುಗಡೆಯಾಯಿತು. ಆವತ್ತು ವಕೀಲರು ನನಗೆ ಬಿಸಿ ಮಿರ್ಚಿಭಜಿ ತರಿಸಿಕೊಟ್ಟು, ಎಬಿಸಿಡಿ ಕಲಿಸಿದ್ದಕ್ಕೆ ಗುರುದಕ್ಷಿಣೆ ಎಂದರು.

ಎಷ್ಟೋ ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ಅದೇ ಕೊನೆಯ ಭೇಟಿಯಾಯಿತು. ನಾನಿದ್ದಾಗಲೇ ದ್ಯಾವಮ್ಮ ಬಂದಳು, ತಲೆ ಬೆಳ್ಳಗಾಗಿತ್ತು. ಬಾಗಿಲಲ್ಲಿ ಹೆಣ್ಣುದನಿ ಕೇಳಿದ್ದೇ ತಡ, ವಕೀಲರು ನರಳುತ್ತ ಗೋಡೆಯ ಕಡೆ ಹೊರಳತೊಡಗಿದರು.

"ಈ ಕಡಿ ತಿರುಗ್ರಿ ಯಪ್ಪಾ," ಎಂದಳು ಅವಳು.

ತಿರುಗಿದರು. ಅವಳ ಮುಖವನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ಮಕ್ಕಳು ಹೇಗಿದ್ದಾರೆಂದು ಮೆಲ್ಲಗೆ ಕೇಳಿದರು.

"ಐದೂ ಅದಾವ್ರಿ," ಎಂದು ದ್ಯಾವಮ್ಮ ಸೆರಗು ಸರಿಸಿ ಅವರನ್ನೇ ನೋಡಿದಳು. "ನಾನೂ ಅದೀನ್ರಿ."