ಕಾಗೆ ಮುಟ್ಟದ ಬೀರು

ನಮ್ಮ ಕರಜಗಿಯಲ್ಲಿ ಬೀರು ಅಂದರೆ ಸ್ಟ್ರಾಂಗ್. ಇನ್ನೊಂದು ಜಾತಿಯ ಬೀರು ಇದೆ ಎಂಬುದನ್ನು ನಮ್ಮೂರ ಗಂಡಸರು ಇಂದಿಗೂ ಒಪ್ಪಿಲ್ಲ. ಬಾಟಲಿ ಕೈ ಜುಮ್ಮೆನ್ನುವಷ್ಟು ತಣ್ಣಗಿರಬೇಕು, ನೊರೆ ಬರಬಾರದು, ಅರ್ಧ ಇಳಿಯುವಷ್ಟರಲ್ಲಿ ತಲೆ ಗಿಮ್ಮೆನ್ನಬೇಕು. ಗಡಿಯಾಚೆ ಕರ್ನಾಟಕದ ಅಫಜಲಪುರದ ಬೀರು ಬರೀ ನೀರು ಎಂದು ನಮ್ಮವರು, ಮಹಾರಾಷ್ಟ್ರದ ನಮ್ಮದು ಕಷಾಯ ಎಂದು ಅವರು, ಬೀಗರೂಟದಲ್ಲಿ ಜಗಳಾಡುತ್ತಾರೆ. ಎರಡೂ ಕಡೆಯವರು ಕುಡಿಯುವುದು ಮಾತ್ರ ಸ್ಟ್ರಾಂಗೇ. ಇಂಥ ಊರಿನಲ್ಲಿ ಅಮೋಗಸಿದ್ಧನೊಬ್ಬ ಹಗುರ ಬೀರು ಕುಡಿಯುತ್ತಿದ್ದ. ಊರು ಅವನಿಗೆ ಜರ್ಮನ್ ಅಮೋಗ್ಯಾ ಎಂದು ಹೆಸರಿಟ್ಟಿತು.

ನಾನು ಕಾಂತೇಶ, ಮಹಾರಾಷ್ಟ್ರ ಸರಕಾರದ ಎಸ್.ಟಿ. ಬಸ್ಸಿನ ಕಂಡಕ್ಟರ್. ಅವನೂ ನಾನೂ ಒಂದೇ ಶಾಲೆಯಲ್ಲಿ ಮರಾಠಿ ಕಲಿತವರು, ಒಂದೇ ಓಣಿಯಲ್ಲಿ ಕನ್ನಡದ ಬೈಗುಳ ಕಲಿತವರು. ಕುರಿ ಕಾಯುವ ಮನೆತನದ ಅವನಿಗೆ ಹೋಟಗಿ ಹತ್ತಿರದ ಒಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಅಡಿಗೆಯ ಕೆಲಸ ಸಿಕ್ಕಿತ್ತು. ಯಂತ್ರ ಕೂಡಿಸಲು ಜರ್ಮನಿಯಿಂದ ಬಂದಿದ್ದ ಇಬ್ಬರು ಇಂಜಿನಿಯರುಗಳು ಅಲ್ಲಿ ಇಳಿದಿದ್ದರು. ಅವರಲ್ಲಿ ಕ್ಲೌಸ್ ಎಂಬುವನು ನಮ್ಮ ಸ್ಟ್ರಾಂಗ್ ಬೀರನ್ನು ಒಂದು ಗುಟುಕು ಕುಡಿದು ತುಳಸಿ ಕುಂಡದಲ್ಲಿ ಉಗುಳಿದನಂತೆ. ಅವನು ಪುಣೆಯಿಂದ ತರಿಸಿಕೊಳ್ಳುತ್ತಿದ್ದ ಬೀರು ಬೇರೆ. ಎರಡು ಬೆರಳು ನೊರೆ ಎಬ್ಬಿಸಿ, ಸಂಜೆಯೆಲ್ಲ ಒಂದೇ ಗ್ಲಾಸು ಹಿಡಿದು ಕೂಡುತ್ತಿದ್ದ. ತಮಾಷೆಯೆಂದರೆ ಇನ್ನೊಬ್ಬ ಜರ್ಮನ್‌ನಿಗೆ ನಮ್ಮ ಸ್ಟ್ರಾಂಗೇ ಹಿಡಿಸಿತ್ತು. ದೇಶ ಒಂದೇ ಆದರೇನು, ನಾಲಿಗೆ ಅವರವರದು.

ಕ್ಲೌಸ್ ಒಂದು ದಿನ ಅಮೋಗಸಿದ್ಧನಿಗೂ ಒಂದು ಗ್ಲಾಸು ಸುರಿದು ಕೊಟ್ಟ. ಮೊದಲು ಬೇವಿನ ರಸ ಅನ್ನಿಸಿತಂತೆ. ಆಮೇಲೆ ರುಚಿ ಹತ್ತಿತು.

"ಕಾಂತ್ಯಾ, ಇದರಾಗ ಜ್ವಾಳದ ಮೊಳಕಿ ವಾಸನಿ ಬರತೈತಿ ನೋಡಲೇ. ಗುಟುಕು ಇಳದ ಮ್ಯಾಲ ಬರತೈತಿ. ಗಡಬಡ ಮಾಡಿದ್ರ ಸಿಗಂಗಿಲ್ಲ" ಎಂದಿದ್ದ.

ನನಗೆ ಯಾವ ವಾಸನೆಯೂ ಬರಲಿಲ್ಲ. ಆದರೆ ಅವನ ಮುಖ ನೋಡಿದ್ದೆ. ಅಪ್ಪ ಹೇಳಿದ ಹುಡುಗಿಯನ್ನು ಮದುವೆಯಾದವನು, ತಮ್ಮ ಆರಿಸಿದ ಬಣ್ಣದ ಗಾಡಿ ಹತ್ತಿದವನು. ತಾನಾಗಿಯೇ ಇದು ಬೇಕು ಎಂದು ಅವನು ಹೇಳಿದ್ದು ಆ ಬೀರೊಂದಕ್ಕೇ ಇರಬೇಕು. ಜರ್ಮನರು ಹೋದ ಮೇಲೂ ಸೋಲಾಪುರದ ಒಂದು ಅಂಗಡಿ ಹುಡುಕಿ, ವಾರಕ್ಕೊಂದು ಬಾಟಲಿ ತಂದು ಹಿತ್ತಲಲ್ಲಿ ಕೂತು ಕುಡಿಯುತ್ತಿದ್ದ. ಆ ಮೊಳಕೆ ವಾಸನೆಯ ಮಾತು ಕೇಳಿ ಹೆಂಡತಿ ಮುಕ್ತಾಬಾಯಿಯೂ ನಗುತ್ತಿದ್ದಳು. "ನಿಶಾ ಏರಲಾರದ್ದು ಯಾಕ ಕುಡೀತೀರಿ? ಮಜ್ಜಿಗಿ ಕೊಡ್ತೀನಿ, ಕುಡೀರಿ" ಎನ್ನುತ್ತಿದ್ದಳು.

ಅವನ ತಮ್ಮ ಗುರುಸಿದ್ಧನ ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಕುರಿ ಬಿದ್ದಿತ್ತು. ಹೋಟಗಿಯ ಪಾಳಿಗೆ ಹೋಗಬೇಕಿದ್ದ ಅಮೋಗಸಿದ್ಧ ಉಂಡು ಎದ್ದ. ಗುರುಸಿದ್ಧ ಕೈ ಹಿಡಿದು ಕೂಡಿಸಿ ಸ್ಟ್ರಾಂಗ್ ಬಾಟಲಿ ಮುಂದಿಟ್ಟ.

"ಅಣ್ಣಾ, ಮನಿ ಕಾರ್ಯದಾಗ ಒಲ್ಲೆ ಅಂತೀಯೇನು? ನಾವೇನು ಹೊರಗಿನವ್ರಾ?"

"ಅದು ನನಗ ಸೇರಂಗಿಲ್ಲೋ."

"ಜರ್ಮನಿಯಾಗ ಹುಟ್ಯಾನ ಪಾಪ!" ಎಂದರು ಯಾರೋ. ಎಲ್ಲರೂ ನಕ್ಕರು. "ಹೆಂಗಸರ ಬೀರು ತರ್ರಿ ಇವಗ" ಎಂದರು ಇನ್ನೊಬ್ಬರು. ಊರ ಹಿರಿಯ ಸಾತಲಿಂಗಪ್ಪ ಕಾಕಾ ತಾವೇ ಬಾಟಲಿ ತೆಗೆದು ಕೈಗಿಟ್ಟರು. ಹಿರಿಯರು ಕೊಟ್ಟದ್ದನ್ನು ನಮ್ಮಲ್ಲಿ ಕೆಳಗಿಡುವಂತಿಲ್ಲ. ಅಮೋಗಸಿದ್ಧ ಔಷಧಿ ಕುಡಿಯುವವರ ಹಾಗೆ ಮೂಗು ಹಿಡಿದು ಎತ್ತಿದ. ಎಲ್ಲರೂ ಚಪ್ಪಾಳೆ ಹೊಡೆದು ಇನ್ನೊಂದು ಕೊಟ್ಟರು. ಸಂಜೆ ಗಾಡಿ ಹತ್ತಿ ಹೋದವನು ವಾಗದರಿ ದಾರಿಯಲ್ಲಿ ನಿಂತಿದ್ದ ಕಬ್ಬಿನ ಟ್ರಾಲಿಗೆ ಹೊಡೆದು ಅಲ್ಲಿಯೇ ಸತ್ತ.

ಟ್ರಾಲಿಯವನನ್ನು ಊರು ಬಾಯಿತುಂಬ ಬೈಯಿತು. ಬಾಟಲಿಯ ಮಾತು ಯಾರೂ ಎತ್ತಲಿಲ್ಲ.

ಅವರ ಹೊಲದಲ್ಲಿಯೇ ಮಣ್ಣು ಮಾಡಿದರು. ಮೂರನೆಯ ದಿನ ಸಮಾಧಿಯ ಮೇಲೆ ಸತ್ತವನಿಗೆ ಸೇರುತ್ತಿದ್ದುದನ್ನೆಲ್ಲ ಎಡೆ ಇಡುವುದು ನಮ್ಮ ಪದ್ಧತಿ. ಕಾಗೆ ಬಂದು ಮುಟ್ಟಿದರೆ ಜೀವ ತೃಪ್ತಿಯಾಗಿ ಹೋಯಿತು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಹಿಂದಿನ ದಿನ ಮುಕ್ತಾಬಾಯಿ ನನ್ನನ್ನು ಕರೆಸಿದಳು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ.

"ಕಾಂತೇಶಣ್ಣಾ, ಅವರ ಬೀರು ತಂದು ಕೊಡ್ರಿ. ಇದ್ದಾಗ ನಗಾಡಿದ್ನಿ. ಹೋಗೂವಾಗರೆ ಅವರ ಮನಸಿನದು ಕೊಟ್ಟು ಕಳಸ್ತೀನಿ."

ಸೋಲಾಪುರದ ಅಂಗಡಿಯವನು ಮರಾಠಿಯಲ್ಲಿ, "ಮೈಲ್ಡ್? ಇಕಡೇ ಕೋಣ ಪಿತೋ?" ಎಂದ. ಇದನ್ನು ಈ ಕಡೆ ಯಾರು ಕುಡಿಯುತ್ತಾರೆ ಎಂದು ಅವನ ಪ್ರಶ್ನೆ. ನಾನು ದುಡ್ಡು ಎಣಿಸಿ ಮುಂದಿಟ್ಟೆ. ಅವನು ಕಪಾಟಿನ ಹಿಂದಿನಿಂದ ಧೂಳು ಹಿಡಿದ ಬಾಟಲಿ ತೆಗೆದು ಕೊಟ್ಟ.

ಮರುದಿನ ಅನ್ನ, ಹೋಳಿಗೆ, ಕೋಳಿಯ ತುಣುಕು, ಪಕ್ಕದಲ್ಲಿ ಗ್ಲಾಸು ತುಂಬ ಆ ಬೀರು. ನಾವೆಲ್ಲ ಸುತ್ತ ನಿಂತೆವು. ಬೇವಿನ ಮರದಲ್ಲಿ ಕಾಗೆಗಳು ಕೂತಿದ್ದವು, ಕೆಳಗೆ ಇಳಿಯಲಿಲ್ಲ. "ವೈನಿನ್ನ ನಾ ನೋಡ್ಕೋತೀನಣ್ಣಾ" ಎಂದು ಗುರುಸಿದ್ಧ ಅತ್ತಿಗೆಯ ಕಡೆ ಕೈ ತೋರಿಸಿ ಕೂಗಿ ಹೇಳಿದ. ಇಳಿಯಲಿಲ್ಲ. ಬಿಸಿಲು ಏರಿತು. ಜನ ಪಿಸುಗುಟ್ಟಿ ಮುಕ್ತಾಬಾಯಿಯ ಕಡೆ ನೋಡತೊಡಗಿದರು.

"ಈ ಸಪ್ಪನ್ನ ನೀರು ಇಟ್ರ ಹ್ಯಾಂಗ ಬರ್ತಾನವ್ವ?" ಎಂದರು ಸಾತಲಿಂಗಪ್ಪ ಕಾಕಾ. "ಕಡೀಕ ನಮ್ಮ ಕೂಡ ಕುಂತು ಎಷ್ಟು ಖುಷಿಲೆ ಕುಡದಾ! ಅದನ್ನ ತರ್ರಿ."

ಗುರುಸಿದ್ಧ ಸ್ಟ್ರಾಂಗ್ ಬಾಟಲಿ ತಂದ. ಮುಕ್ತಾಬಾಯಿ ಅಡ್ಡ ನಿಂತಳು.

"ಅದನ್ನ ಇಡಬ್ಯಾಡ್ರಿ. ಅದನ್ನ ಕುಡಿಸೇ ಅವರನ್ನ ಕಳದೀರಿ."

"ಹೆಣ್ಮಗಳು ಸುಮ್ನಿರಬೇಕು. ಜೀವ ತಿರಗಾಡಾಕತ್ತೈತಿ" ಎಂದು ಕಾಕಾ ಗದರಿಸಿದರು. ನಾನು ಬಾಯಿ ತೆರೆದೆ. ನಾಲ್ಕು ಜನ ನನ್ನನ್ನು ಹಿಂದೆ ಎಳೆದರು. ಹಗುರ ಬೀರಿನ ಗ್ಲಾಸು ಮಣ್ಣಿಗೆ ಚೆಲ್ಲಿ, ಸ್ಟ್ರಾಂಗ್ ತುಂಬಿ, ಎಲ್ಲರೂ ನೆರಳಿಗೆಂದು ದೂರ ಸರಿದರು. ಸುತ್ತ ಮಂದಿ ಇಲ್ಲದ್ದನ್ನು ನೋಡಿ ಒಂದು ಕಾಗೆ ಇಳಿಯಿತು, ಕೋಳಿಯ ತುಣುಕು ಕಚ್ಚಿಕೊಂಡು ಹಾರಿತು. ಗ್ಲಾಸಿನ ಕಡೆ ಅದು ತಿರುಗಿಯೂ ನೋಡಲಿಲ್ಲ.

"ನೋಡ್ರಿ! ನಮ್ಮವನ ಅಂವ, ನಮ್ಮವನ!" ಎಂದು ಗುರುಸಿದ್ಧ ಗೋಳೋ ಎಂದು ಅತ್ತ. ಅವನ ಅಳು ಸುಳ್ಳಲ್ಲ, ಅದೇ ನನ್ನ ಹೊಟ್ಟೆ ಉರಿಸಿತು. ಇನ್ನು ಪ್ರತಿ ಅಮಾವಾಸ್ಯೆಗೆ ಅಣ್ಣನ ಫೋಟೋದ ಮುಂದೆ ಸ್ಟ್ರಾಂಗ್ ಇಡುವುದೆಂದು ಅಲ್ಲಿಯೇ ನಿಶ್ಚಯವಾಯಿತು.

ಮುಕ್ತಾಬಾಯಿ ಉಳಿದಿದ್ದ ಅರ್ಧ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ನಾನು ಹಿಂದೆಯೇ ಹೋದೆ. ಹಿತ್ತಲಲ್ಲಿ ಅವನು ಕೂಡುತ್ತಿದ್ದ ಕಲ್ಲಿನ ಮೇಲೆ ಕೂತು, ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟದ ಹೆಂಗಸು ಬಾಟಲಿ ಎತ್ತಿದಳು. ಮುಖ ಕಿವುಚಿದಳು. ಮತ್ತೆ ಎತ್ತಿದಳು. ಗುಟುಕು ಇಳಿದ ಮೇಲೆ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ಕಾದಳು. ಆಮೇಲೆ ಅವಳಿಗೆ ಅಳು ಒತ್ತರಿಸಿ ಬಂತು.

"ಜ್ವಾಳದ ಮೊಳಕಿ ವಾಸನಿ, ಕಾಂತೇಶಣ್ಣಾ" ಎಂದಳು. "ಬರತೈತಿ. ಖರೇನ ಬರತೈತಿ."